ಆಘಾತವನ್ನರಿತ ಶಾಲೆ: ಮುಖ್ಯೋಪಾಧ್ಯಾಯರ ತರಬೇತಿಯಲ್ಲಿ ಏನಿರಬೇಕು?

ಪ್ರಕೃತಿ ವಿಕೋಪ, ಅಪಘಾತ, ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯ, ಆಪ್ತರ ಸಾವು ಮುಂತಾದವುಗಳಿಂದ ಮಗುವಿನ ಮನಸ್ಸಿಗಾಗುವ ಆಳವಾದ ಗಾಯವೇ ಮಾನಸಿಕ ಆಘಾತ. ಅಂತಹ ಮಗು ಸಣ್ಣ ಸದ್ದಿಗೂ ಬೆಚ್ಚಬಹುದು, ಮಾತು ನಿಲ್ಲಿಸಬಹುದು, ಸಿಡುಕಬಹುದು, ಪಾಠದಲ್ಲಿ ಹಿಂದುಳಿಯಬಹುದು. ಇದನ್ನು ಸೋಮಾರಿತನವೆಂದೋ ಉದ್ಧಟತನವೆಂದೋ ಎಣಿಸದೆ, ಕಾರಣವನ್ನರಿತು ಶಾಲೆಯ ನಡೆನುಡಿಗಳನ್ನು ರೂಪಿಸುವುದನ್ನು ಆಘಾತ ಸಂವೇದಿ ಶಿಕ್ಷಣವೆನ್ನುತ್ತೇವೆ.

ಮುಖ್ಯೋಪಾಧ್ಯಾಯರಿಗೇ ಏಕೆ?

ಒಬ್ಬ ಅಧ್ಯಾಪಕರ ಕರುಣೆ ಅವರ ತರಗತಿಗಷ್ಟೇ ಸೀಮಿತ. ತಡವಾಗಿ ಬಂದವರನ್ನು ಹೇಗೆ ಕಾಣಬೇಕು, ದೂರನ್ನು ಯಾರು ಕೇಳಬೇಕು, ಗುಟ್ಟನ್ನು ಹೇಗೆ ಕಾಪಾಡಬೇಕು ಎಂಬುದನ್ನು ಇಡೀ ಶಾಲೆಗೆ ನಿಶ್ಚಯಿಸುವವರು ಮುಖ್ಯಸ್ಥರು. ಆದುದರಿಂದ ತರಬೇತಿ ಅವರಿಂದಲೇ ಆರಂಭವಾಗಬೇಕು.

ತರಬೇತಿಯ ತಿರುಳು

ಅಮೆರಿಕದ ಮಾನಸಿಕ ಆರೋಗ್ಯ ಸೇವಾ ಸಂಸ್ಥೆಯೊಂದು 2014ರಲ್ಲಿ ನಿರೂಪಿಸಿದ ನಾಲ್ಕು ಸೂತ್ರಗಳು ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ: ಆಘಾತದ ಪರಿಣಾಮವನ್ನು ಅರಿಯುವುದು, ಲಕ್ಷಣಗಳನ್ನು ಗುರುತಿಸುವುದು, ಅದಕ್ಕೆ ತಕ್ಕಂತೆ ಸ್ಪಂದಿಸುವುದು, ಮಗುವನ್ನು ಮತ್ತೆ ನೋಯಿಸದಿರುವುದು. ನಾಲ್ಕನೆಯದಕ್ಕೆ ನಮ್ಮಲ್ಲಿ ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಲೈಂಗಿಕ ದೌರ್ಜನ್ಯ ತಿಳಿದುಬಂದಾಗ ವರದಿ ಮಾಡುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ‘ಶಾಲೆಯ ಮಾನ’ದ ಹೆಸರಿನಲ್ಲಿ ಅದನ್ನು ಮುಚ್ಚಿಡುವಂತಿಲ್ಲ. ಅಧ್ಯಾಪಕರು ಚಿಕಿತ್ಸಕರಲ್ಲ, ಕೆದಕಿ ಕೇಳದೆ ಆಲಿಸಿ, ತಜ್ಞರ ಬಳಿಗೆ ತಲುಪಿಸುವುದಷ್ಟೇ ಅವರ ಹೊಣೆ ಎಂಬುದನ್ನೂ ತರಬೇತಿ ಸ್ಪಷ್ಟಪಡಿಸಬೇಕು.

ವಯನಾಡಿನ ಪಾಠ

2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಭೂಕುಸಿತ ಸಂಭವಿಸಿತು. ವೆಳ್ಳಾರ್‌ಮಲ ಸರಕಾರಿ ಶಾಲೆಯ ಮಕ್ಕಳಿಗೆ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ತರಗತಿಗಳು ಪುನರಾರಂಭವಾದವು. ಇಂತಹ ದುರಂತದ ಬಳಿಕ ಪಠ್ಯಭಾಗ ಮುಗಿಸುವ ಅವಸರಕ್ಕಿಂತ ಪರಿಚಿತ ಮುಖ, ನಿಯತ ವೇಳಾಪಟ್ಟಿ, ಆಟ, ಗೆಳೆಯರ ಒಡನಾಟಗಳು ಮಗುವಿಗೆ ಮೊದಲು ಬೇಕು. ಮಕ್ಕಳೊಂದಿಗೆ ಅಧ್ಯಾಪಕರೂ ನೊಂದಿರುತ್ತಾರೆ. ಅವರ ಯೋಗಕ್ಷೇಮವೂ ಮುಖ್ಯಸ್ಥರ ಗಮನದಲ್ಲಿರಬೇಕು.

ಭಾಷೆಯ ಪ್ರಶ್ನೆ

ಭಯವನ್ನೂ ದುಃಖವನ್ನೂ ಮಗು ಮನೆಮಾತಿನಲ್ಲೇ ಹೇಳಿಕೊಳ್ಳುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಪಾಠಕ್ಕೆ ಬೇಕಾದ ಭಾಷೆ ಸಾಂತ್ವನಕ್ಕೆ ಬೇಡವೇ? ಕನ್ನಡ ಬಾರದ ಆಪ್ತಸಮಾಲೋಚಕರ ಮುಂದೆ ಕನ್ನಡದ ಮಗು ಮೌನವಾಗಿ ಕುಳಿತರೆ, ‘ತೊಂದರೆಯೇನಿಲ್ಲ’ ಎಂದು ಬರೆದು ಮುಗಿಸುವ ಅಪಾಯವಿದೆ. ಆದುದರಿಂದ ಕನ್ನಡ ಮಾಧ್ಯಮ ಶಾಲೆಗಳ ಮುಖ್ಯಸ್ಥರಿಗೆ ತರಬೇತಿಯೂ ಕೈಪಿಡಿಯೂ ಕನ್ನಡದಲ್ಲೇ ದೊರೆಯಬೇಕೆಂಬುದು ನಮ್ಮ ಬೇಡಿಕೆ.

ಹೆತ್ತವರು ಕೇಳಬೇಕಾದುದು

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳೋಣ: ಮುಖ್ಯೋಪಾಧ್ಯಾಯರಿಗೆ ಈ ತರಬೇತಿ ದೊರೆತಿದೆಯೇ? ಕನ್ನಡ ಬಲ್ಲ ಆಪ್ತಸಮಾಲೋಚಕರು ಲಭ್ಯರಿದ್ದಾರೆಯೇ? ಮಗು ಗುಟ್ಟಾಗಿ ಮಾತನಾಡಲು ಸ್ಥಳವಿದೆಯೇ? ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪ್ರತಿ ಮನೆಯಲ್ಲೂ ಬರೆದಿಟ್ಟುಕೊಳ್ಳಬೇಕು.