ಕರ್ನಾಟಕ ರಾಜ್ಯೋತ್ಸವ: ದಿನದ ಅರ್ಥ, ಭಿನ್ನಾಭಿಪ್ರಾಯಗಳು ಮತ್ತು ತುಮಕೂರು ಜಿಲ್ಲೆಯಲ್ಲಿ ಆಚರಣೆ

ಪ್ರತಿ ವರ್ಷ ನವೆಂಬರ್ 1ರಂದು ರಾಜ್ಯಾದ್ಯಂತ ಕರ್ನಾಟಕ ರಾಜ್ಯೋತ್ಸವವನ್ನು ಆಚರಿಸಲಾಗುತ್ತದೆ. 1956ರ ಇದೇ ದಿನ, ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯನ್ವಯ, ಮುಂಬಯಿ ರಾಜ್ಯದ ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ, ಹೈದರಾಬಾದ್ ರಾಜ್ಯದ ಕನ್ನಡ ಭಾಗಗಳು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಹಾಗೂ ಕೊಡಗು ಪ್ರದೇಶಗಳು ಮೈಸೂರು ರಾಜ್ಯದೊಡನೆ ಒಂದುಗೂಡಿದವು. ಬಳ್ಳಾರಿಯು 1953ರಲ್ಲಿಯೇ ಸೇರಿತ್ತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಶ್ರೀ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ.

ಹಳೆಯ ಮೈಸೂರಿನ ಆಕ್ಷೇಪಣೆ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಮೊದಲಿನಿಂದಲೂ ಮೈಸೂರಿನ ಭಾಗಗಳಾಗಿದ್ದುದರಿಂದ 1956ರಲ್ಲಿ ಇಲ್ಲಿಯ ಆಡಳಿತವು ಕೈ ಬದಲಾಯಿಸಲಿಲ್ಲ. ಆದ್ದರಿಂದ ಈ ಭಾಗದಲ್ಲಿ ಏಕೀಕರಣವು ನಿರ್ವಿವಾದವಾಗಿ ನಡೆಯಿತೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿರಲಿಲ್ಲ. ಮೈಸೂರು ಸುವ್ಯವಸ್ಥಿತ ರಾಜ್ಯ, ಹಿಂದುಳಿದ ಪ್ರದೇಶಗಳ ಆರ್ಥಿಕ ಹೊರೆಯನ್ನು ಅದು ಹೊರಬೇಕಾದೀತು ಎಂಬ ಆತಂಕವು ಹಳೆಯ ಮೈಸೂರಿನ ಹಲವು ಮುಖಂಡರಲ್ಲಿತ್ತು. ಸಮುದಾಯಗಳ ರಾಜಕೀಯ ಬಲಾಬಲ ಬದಲಾದೀತೆಂಬ ಅಳುಕೂ ಅದರ ಹಿಂದಿತ್ತು. ಫಜಲ್ ಅಲಿ ಅವರ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ಈ ವಾದಗಳನ್ನು ಪರಿಶೀಲಿಸಿ, ಅವುಗಳನ್ನು ಒಪ್ಪದೆ ಏಕೀಕೃತ ರಾಜ್ಯವನ್ನೇ ಶಿಫಾರಸು ಮಾಡಿತು. ಸ್ವಂತ ಪಕ್ಷದೊಳಗಿನ ವಿರೋಧದ ನಡುವೆಯೂ ಏಕೀಕರಣವನ್ನು ಬೆಂಬಲಿಸಿದ ಮುಖ್ಯಮಂತ್ರಿ ಶ್ರೀ ಕೆಂಗಲ್ ಹನುಮಂತಯ್ಯನವರು ಹೊಸ ರಾಜ್ಯದ ಉದಯಕ್ಕೆ ಕೆಲವೇ ತಿಂಗಳು ಮೊದಲು ಅಧಿಕಾರ ತೊರೆಯಬೇಕಾಯಿತು. ವಿಶಾಲ ರಾಜ್ಯದ ಪ್ರಥಮ ಮುಖ್ಯಮಂತ್ರಿಯಾದವರು ಶ್ರೀ ಎಸ್. ನಿಜಲಿಂಗಪ್ಪನವರು.

ರಾಜಕೀಯವಾಗಿ ಒಂದಾಗುವ ಮುನ್ನವೇ ಕನ್ನಡ ನಾಡನ್ನು ಒಂದೇ ರಂಗದ ಮುಂದೆ ಕೂರಿಸಿದ ಕೀರ್ತಿ ಮಾತ್ರ ಈ ಜಿಲ್ಲೆಗೆ ಸಲ್ಲಬೇಕು. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಸಂಸ್ಥಾನದ ಗಡಿಯಾಚೆಗೂ ಸಂಚರಿಸಿ ಪ್ರದರ್ಶನಗಳನ್ನು ನೀಡಿತು.

ಗಡಿ ಪ್ರದೇಶಗಳಲ್ಲಿ

ನವೆಂಬರ್ 1 ಎಲ್ಲರಿಗೂ ಹಬ್ಬವಲ್ಲ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯು ಈ ದಿನವನ್ನು ಕರಾಳ ದಿನವೆಂದು ಆಚರಿಸುತ್ತಾ ಬಂದಿದೆ. ಮಹಾಜನ ಆಯೋಗದ 1967ರ ವರದಿಯು ಬೆಳಗಾವಿ ನಗರವನ್ನು ಮೈಸೂರು ರಾಜ್ಯದಲ್ಲಿಯೇ ಉಳಿಸಲು ಶಿಫಾರಸು ಮಾಡಿತು; ಮಹಾರಾಷ್ಟ್ರವು ಅದನ್ನು ಒಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅದೇ ಆಯೋಗವು ಚಂದ್ರಗಿರಿ ನದಿಯ ಉತ್ತರಕ್ಕಿರುವ ಕಾಸರಗೋಡಿನ ಭಾಗವನ್ನು ಮೈಸೂರಿಗೆ ಸೇರಿಸಲು ಸೂಚಿಸಿತ್ತಾದರೂ ಅದು ಜಾರಿಗೆ ಬರಲಿಲ್ಲ. ಅಲ್ಲಿಯ ಕನ್ನಡಿಗರಿಗೆ ಈ ದಿನವು ಕೇರಳದ ಹುಟ್ಟುಹಬ್ಬವೂ ಹೌದು, ಅಗಲಿಕೆಯ ನೆನಪೂ ಹೌದು. ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿದೆ. ನೆರೆಯ ಮಡಕಶಿರಾದಲ್ಲಿ ಕನ್ನಡ ಮಾತನಾಡುವವರು ಗಡಿಯಾಚೆ ಉಳಿದಿದ್ದಾರೆ. ಭಾಷೆಯ ಗಡಿ ನಕ್ಷೆಯ ಗೆರೆಯಂತೆ ನೇರವಾಗಿರುವುದಿಲ್ಲ.

ಆಚರಣೆ

ಜಿಲ್ಲಾ ಕೇಂದ್ರದಲ್ಲಿ ಮತ್ತು ತಾಲ್ಲೂಕು ಕೇಂದ್ರಗಳಾದ ಗುಬ್ಬಿ, ಕುಣಿಗಲ್‌ಗಳಲ್ಲಿ ರಾಷ್ಟ್ರಧ್ವಜಾರೋಹಣ, ನಾಡಗೀತೆ ಹಾಗೂ ಭುವನೇಶ್ವರಿ ದೇವಿಯ ಮೆರವಣಿಗೆ ಆಚರಣೆಯ ಮುಖ್ಯ ಅಂಗಗಳು. ಕುವೆಂಪು ಅವರ ಗೀತೆಯನ್ನು ನಾಡಗೀತೆಯೆಂದು ಸರ್ಕಾರವು 2004ರಲ್ಲಿ ಅಂಗೀಕರಿಸಿತು. ಎಲ್ಲೆಡೆ ಹಾರುವ ಹಳದಿ-ಕೆಂಪು ಬಾವುಟವು ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರ ಕಾಲದಿಂದ ಜನಬಳಕೆಯಲ್ಲಿದೆ. ಅದಕ್ಕೆ ರಾಜ್ಯಧ್ವಜವೆಂಬ ಶಾಸನಬದ್ಧ ಸ್ಥಾನವಿಲ್ಲ. 2018ರಲ್ಲಿ ರಾಜ್ಯ ಸರ್ಕಾರವು ಹಳದಿ, ಬಿಳಿ, ಕೆಂಪು ವರ್ಣಗಳ ಧ್ವಜವನ್ನು ಒಪ್ಪಿ ಕೇಂದ್ರಕ್ಕೆ ಪ್ರಸ್ತಾವನೆ ಸಲ್ಲಿಸಿತ್ತು.

ಅರ್ಜಿದಾರರ ಗಮನಕ್ಕೆ

ನವೆಂಬರ್ 1 ಸಾರ್ವತ್ರಿಕ ರಜಾದಿನವಾದುದರಿಂದ ನಾಡಕಚೇರಿ ಹಾಗೂ ತಾಲ್ಲೂಕು ಕಚೇರಿಗಳಲ್ಲಿ ಅರ್ಜಿಗಳನ್ನು ಮುಂದಿನ ಕೆಲಸದ ದಿನದಂದು ಸಲ್ಲಿಸತಕ್ಕದ್ದು. 1973ಕ್ಕಿಂತ ಹಿಂದಿನ ಕ್ರಯಪತ್ರ, ಜನನ ದಾಖಲೆ ಮುಂತಾದವುಗಳಲ್ಲಿ ‘ಮೈಸೂರು ರಾಜ್ಯ’ ಎಂದಿರುವುದು ಬರಹದ ದೋಷವಲ್ಲ. ಆಗ ರಾಜ್ಯದ ಹೆಸರೇ ಅದಾಗಿತ್ತು. ತುಮಕೂರಿನ ಇಂಗ್ಲಿಷ್ ಕಾಗುಣಿತವು 2014ರ ನವೆಂಬರ್ 1ರಿಂದ, ಬೆಂಗಳೂರು, ಮೈಸೂರು ಸೇರಿದಂತೆ ಇತರ 11 ನಗರಗಳ ಹೆಸರುಗಳೊಂದಿಗೆ, ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾಗಿದೆ. ಕನ್ನಡದಲ್ಲಿ ಊರಿನ ಹೆಸರು ಮೊದಲಿನಿಂದಲೂ ತುಮಕೂರೇ. ಇಂಗ್ಲಿಷ್‌ನಲ್ಲಿ ಅರ್ಜಿ ತುಂಬುವವರು ಹೊಸ ಕಾಗುಣಿತವನ್ನು ಬಳಸುವುದು ಸೂಕ್ತ.