ಅಪಘಾತ ಪರಿಹಾರದಲ್ಲಿ ರಾಜಿ ಸಂಧಾನ

ರಸ್ತೆ ಅಪಘಾತದ ಗಾಯಾಳುಗಳು ಅಥವಾ ಮೃತರ ವಾರಸುದಾರರು ವಿಮಾ ಕಂಪನಿಯೊಡನೆ ಮಾತುಕತೆಯಲ್ಲೇ ಪರಿಹಾರದ ಮೊತ್ತ ಗೊತ್ತುಮಾಡಿಕೊಂಡು ವ್ಯಾಜ್ಯ ಮುಗಿಸುವ ಕ್ರಮ. ಭಾರತದಲ್ಲಿ ಇದರ ಮುಖ್ಯ ವೇದಿಕೆ ಲೋಕ ಅದಾಲತ್, ಅಂದರೆ ಜನತಾ ನ್ಯಾಯಾಲಯ.

ಹಿಂದೆ ಪರಿಹಾರ ಬೇಕಾದವರು ಕೋರ್ಟು ಶುಲ್ಕ ಕಟ್ಟಿ ಸಿವಿಲ್ ದಾವೆ ಹೂಡಬೇಕಿತ್ತು. 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ಬಂದ ತಿದ್ದುಪಡಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ವಾಹನಗಳು ಹೆಚ್ಚಿದಂತೆ ಅಲ್ಲೂ ಕಡತಗಳು ಬೆಳೆದವು. ಕರ್ನಾಟಕದ ಕೋರ್ಟು ಆವರಣಗಳಲ್ಲಿ ‘ಎಂವಿಸಿ ಕೇಸು’ (ಮೋಟಾರು ವಾಹನ ಅಪಘಾತದ ಪರಿಹಾರ ಪ್ರಕರಣ) ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

1982ರ ಮಾರ್ಚ್ 14ರಂದು ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಮೊದಲ ಲೋಕ ಅದಾಲತ್ ನಡೆಯಿತು. ಅಪಘಾತ ಪ್ರಕರಣಗಳು ಈ ವೇದಿಕೆಗೆ ಬಲು ಬೇಗ ಒಗ್ಗಿದವು. ಜಮೀನಿನ ತಂಟೆಯಲ್ಲಿರುವಂತೆ ಇಲ್ಲಿ ದಾಯಾದಿ ಹಗೆಯಿಲ್ಲ. ಹಣ ಕೊಡುವುದು ಕಂಪನಿ, ಜಗಳವಿರುವುದು ಬಹುಪಾಲು ಮೊತ್ತದ ಮೇಲೆ. ಅವಲಂಬಿತರ ವಾರ್ಷಿಕ ನಷ್ಟವನ್ನು ಗುಣಿಸುವ, ಮೃತರ ವಯಸ್ಸಿಗೆ ತಕ್ಕ ಗುಣಕವನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ನಿಗದಿಪಡಿಸಿದ ಮೇಲೆ ಎರಡೂ ಕಡೆಯವರು ಒಂದೇ ಲೆಕ್ಕ ಹಿಡಿದು ಕೂರುವಂತಾಯಿತು.

ಆರಂಭದಲ್ಲಿ ಅದಾಲತ್ತಿಗೆ ಶಾಸನದ ಬಲವಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಾಗ ಅದು ದೊರೆಯಿತು: ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಇದರಿಂದ ಕಂಪನಿ ಎಳೆದಾಡುವಂತಿಲ್ಲ. ಆದರೆ ಆಸ್ಪತ್ರೆಯ ಸಾಲಕ್ಕೆ ಹೆದರಿ ಕಡಿಮೆ ಮೊತ್ತಕ್ಕೆ ಸಹಿ ಹಾಕಿದ ಗಾಯಾಳುವಿಗೂ ಹಿಂದಿರುಗುವ ದಾರಿಯಿಲ್ಲ. ವಂಚನೆಯಂಥ ಅಪರೂಪದ ಸಂದರ್ಭದಲ್ಲಿ ಮಾತ್ರ ರಿಟ್ ಅರ್ಜಿ ಉಂಟು. ಕಾಯ್ದೆಯ ದುರ್ಬಲ ಜಾಗ ಇದೇ.

ಪಂಜಾಬ್ ಸರ್ಕಾರ ಮತ್ತು ಜಲೌರ್ ಸಿಂಗ್ ನಡುವಿನ ಅಪಘಾತ ಪ್ರಕರಣದಲ್ಲಿ ಅದಾಲತ್ ತಾನೇ ಪರಿಹಾರ ಹೆಚ್ಚಿಸಿ ಆದೇಶಿಸಿತ್ತು. ಅದಾಲತ್ತಿಗೆ ತೀರ್ಪು ನೀಡುವ ಅಧಿಕಾರವಿಲ್ಲ, ಒಪ್ಪಿಸುವುದಷ್ಟೇ ಕೆಲಸ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅದಾಲತ್ತಿನ ಹೊರತಾಗಿ ರಾಜಿಗೆ ಇನ್ನೊಂದು ದಾರಿಯಾಗಿ ಬೆಂಗಳೂರಿನಲ್ಲಿ 2007ರಲ್ಲಿ ಮಧ್ಯಸ್ಥಿಕೆ ಕೇಂದ್ರವೂ ಆರಂಭವಾಗಿತ್ತು.

ಈಗಿನ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಾಜಿಯ ಮೊದಲ ಹೆಜ್ಜೆಯನ್ನು ಕಂಪನಿಯ ಮೇಲೆಯೇ ಹೊರಿಸಿತು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕ್ರಮದಲ್ಲಿ, ಕಂಪನಿಯ ನಿಯೋಜಿತ ಅಧಿಕಾರಿ 30 ದಿನಗಳೊಳಗೆ ಪರಿಹಾರದ ಪ್ರಸ್ತಾವ ಮುಂದಿಡಬೇಕು. ಅರ್ಜಿದಾರ ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸುತ್ತದೆ; ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತುಮಾಡುತ್ತದೆ.