ಮನೆ ಮಾರುವ ಮುನ್ನ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆಯೇ?

"ಮಾರೋಕೆ ಮುಂಚೆ ಒಂದು ಕೋಟ್ ಪೇಂಟ್ ಹೊಡೆಸಿಬಿಡಿ ಸಾರ್, ಎರಡು ಮೂರು ಲಕ್ಷ ಜಾಸ್ತಿ ಸಿಗುತ್ತೆ." ಮನೆ ಮಾರಲು ಹೊರಟವರಿಗೆ ಬ್ರೋಕರ್‌ನಿಂದಲೋ ನೆಂಟರಿಂದಲೋ ಸಿಗುವ ಮೊದಲ ಸಲಹೆ ಇದು. ಅದರ ಹಿಂದೆಯೇ ಇನ್ನಷ್ಟು ಬರುತ್ತವೆ: ಅಡುಗೆಮನೆಯನ್ನು ಮಾಡ್ಯುಲರ್ ಮಾಡಿಸಿ, ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸಿ, ಬಾಗಿಲನ್ನು ವಾಸ್ತು ಪ್ರಕಾರ ತಿರುಗಿಸಿ. ಹಾಕಿದ ದುಡ್ಡೆಲ್ಲ ಬೆಲೆಯಲ್ಲಿ ವಾಪಸ್ ಬರುತ್ತದೆ ಎಂಬ ನಂಬಿಕೆ ಇವೆಲ್ಲದರ ಹಿಂದಿದೆ.

ಈ ನಂಬಿಕೆ ಎಷ್ಟು ಸರಿ? ಒಂದೇ ಮಾತಿನಲ್ಲಿ ಹೇಳುವುದಾದರೆ, ಅರ್ಧ ಸತ್ಯ. ಕೆಲವು ಸಣ್ಣ ಖರ್ಚುಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಕೆಲವು ದೊಡ್ಡ ಖರ್ಚುಗಳು ನೀರಿನಲ್ಲಿ ಹೋಮ. ಇನ್ನು ಕೆಲವು ಕೆಲಸಗಳು, ಮುಖ್ಯವಾಗಿ ತೇವದ ಗೋಡೆಗೆ ಬಣ್ಣ ಬಳಿಯುವುದು, ಮಾರುವವರನ್ನೇ ಕಾನೂನಿನ ತೊಡಕಿಗೆ ಸಿಲುಕಿಸಬಹುದು.

ಕೊಳ್ಳುವವರು ಏನನ್ನು ಕೊಳ್ಳುತ್ತಾರೆ?

ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ಬಿಡಿ ಮನೆಯೊಂದರ ಬೆಲೆಯಲ್ಲಿ ದೊಡ್ಡ ಪಾಲು ನಿವೇಶನದ್ದು. ನೆಲದ ಬೆಲೆ ಏರುತ್ತದೆ, ಕಟ್ಟಡದ ಬೆಲೆ ವರ್ಷ ವರ್ಷ ಸವೆಯುತ್ತದೆ. ಕಾಂಕ್ರೀಟ್ ಕಟ್ಟಡಕ್ಕೆ 60 ವರ್ಷ ಆಯುಸ್ಸು, ಕೊನೆಗೆ ಉಳಿಯುವುದು ನೂರಕ್ಕೆ ಹತ್ತು ಎಂದು ಹಿಡಿಯುವುದು ಮೌಲ್ಯಮಾಪಕರ ಸಾಮಾನ್ಯ ಲೆಕ್ಕಗಳಲ್ಲಿ ಒಂದು. ಆ ಲೆಕ್ಕದಲ್ಲಿ 30 ವರ್ಷದ ಮನೆ ನೂರಕ್ಕೆ 45 ಪಾಲು ಕಳೆದುಕೊಂಡಿರುತ್ತದೆ. ಸುಲಭಕ್ಕೆಂದು ಇವತ್ತು ಅಂಥದೇ ಮನೆ ಕಟ್ಟಲು 24 ಲಕ್ಷ ಬೇಕು ಎಂದಿಟ್ಟುಕೊಂಡರೆ, ಹಳೆಯ ಕಟ್ಟಡಕ್ಕೆ ಸಿಗುವುದು 13 ಲಕ್ಷ ಚಿಲ್ಲರೆ. ಅದರ ಅಡುಗೆಮನೆಗೆ ನಾಲ್ಕು ಲಕ್ಷ ಸುರಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಮೂವತ್ತು ನಲವತ್ತರ ಸೈಟಿನಲ್ಲಿರುವ ಹಳೇ ಮನೆಯನ್ನು ಕೊಳ್ಳುವವರು ಎಷ್ಟೋ ಸಲ ಅದನ್ನು ಕೆಡವಿ ಮೂರಂತಸ್ತು ಎಬ್ಬಿಸುವ ಯೋಚನೆಯಲ್ಲೇ ಬಂದಿರುತ್ತಾರೆ. ಅವರ ಪಾಲಿಗೆ ನಿಮ್ಮ ಹೊಸ ಟೈಲ್ಸ್ ಬರೀ ಕೆಡವುವ ಖರ್ಚು.

ಆದ್ದರಿಂದ ಪೇಂಟರ್‌ನನ್ನು ಕರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇಲ್ಲಿ ಬಂದು ವಾಸ ಮಾಡುವವರು ಕೊಳ್ಳುತ್ತಾರೋ, ಕೆಡವುವವರು ಕೊಳ್ಳುತ್ತಾರೋ? ನಿಮ್ಮ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಗಳು ಏನಾದವು ಎಂದು ನೋಡಿದರೆ ಉತ್ತರ ಸಿಗುತ್ತದೆ. ಫ್ಲ್ಯಾಟ್‌ನ ವಿಷಯ ಬೇರೆ. ಅಲ್ಲಿ ಕೊಳ್ಳುವವರು ಇದ್ದುದನ್ನು ಇದ್ದ ಹಾಗೆಯೇ ಬಳಸುತ್ತಾರೆ, ಹಾಗಾಗಿ ಒಳಗಿನ ಸ್ಥಿತಿಗೆ ಹೆಚ್ಚು ತೂಕ.

ಇನ್ನೊಂದು ಲೆಕ್ಕ ಬ್ಯಾಂಕಿನದು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ. 90ರವರೆಗೆ, 75 ಲಕ್ಷದವರೆಗಿನದು ಶೇ. 80ರವರೆಗೆ, ಅದಕ್ಕೂ ಹೆಚ್ಚಿನದು ಶೇ. 75ರವರೆಗೆ ಸಿಗಬಹುದು. ಈ ಮೌಲ್ಯವನ್ನು ಹೇಳುವುದು ಬ್ಯಾಂಕಿನ ಮೌಲ್ಯಮಾಪಕರು, ನೀವಲ್ಲ. ಚೆಂದದ ವಾರ್ಡ್‌ರೋಬ್ ನೋಡಿ ಕೊಳ್ಳುವವರ ಮನಸ್ಸು ಕರಗಿದರೂ, ಮೌಲ್ಯಮಾಪಕರ ಅಂಕಿಗಿಂತ ಮೇಲೆ ನೀವು ಕೇಳುವ ಹಣವನ್ನು ಅವರು ಕೈಯಿಂದಲೇ ಹೊಂದಿಸಬೇಕು.

ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಸಲಹೆಗಳು ಅಮೆರಿಕದಿಂದ ಬಂದವು ಎಂಬುದನ್ನೂ ಇಲ್ಲಿ ಹೇಳಬೇಕು. ಅಲ್ಲಿ ಖರ್ಚು ಮತ್ತು ಮರಳಿಕೆಯ ವಾರ್ಷಿಕ ವರದಿಯೇ ಪ್ರಕಟವಾಗುತ್ತದೆ. 2024ರ ಅಂಥ ವರದಿಯಲ್ಲಿ ಮೊದಲ ಸ್ಥಾನ ಪಡೆದದ್ದು ಗ್ಯಾರೇಜಿನ ಬಾಗಿಲು ಬದಲಿಸುವ ಕೆಲಸ! ನಮ್ಮಲ್ಲಿ ಅದರ ಅರ್ಥ ಏನೂ ಇಲ್ಲ. ಆದರೆ ಅದೇ ವರದಿಯ ಇನ್ನೊಂದು ಸಾಲು ಗಮನಿಸುವಂಥದ್ದು: ದುಬಾರಿ ಅಡುಗೆಮನೆ ನವೀಕರಣಕ್ಕೆ ಹಾಕಿದ ಹಣದಲ್ಲಿ ಅಲ್ಲಿಯೂ ಅರ್ಧದಷ್ಟೂ ಮರಳುವುದಿಲ್ಲ.

ತೇವದ ಗೋಡೆ: ಬಣ್ಣ ಮುಚ್ಚುವುದಿಲ್ಲ

ಮನೆ ನೋಡಲು ಬಂದವರು ಮೊದಲು ಹುಡುಕುವುದು ತೇವದ ಕಲೆ. ಅದಕ್ಕೇ ಬಹಳ ಜನ ಕಲೆಯ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿಸುತ್ತಾರೆ. ಇದು ಏಕೆ ನಿಲ್ಲುವುದಿಲ್ಲ?

ಇಟ್ಟಿಗೆ ಮತ್ತು ಗಾರೆಯೊಳಗೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇವು ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ನೀರು ತನ್ನ ಜೊತೆಗೆ ಮಣ್ಣಿನ, ಇಟ್ಟಿಗೆಯ ಲವಣಗಳನ್ನೂ ತರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಗೋಡೆಯ ಬುಡದಲ್ಲಿ ಕಾಣುವ ಬಿಳಿ ಪುಡಿ ಇದೇ. ಹರಳುಗಳು ಬೆಳೆಯುವಾಗ ಬಣ್ಣವನ್ನೂ ಗಾರೆಯನ್ನೂ ಒಳಗಿನಿಂದ ತಳ್ಳುತ್ತವೆ, ಪದರ ಉಬ್ಬಿ ಕಳಚುತ್ತದೆ. ಮೇಲೆ ಬಳಿದ ಬಣ್ಣ ಹೆಚ್ಚೆಂದರೆ ಒಂದು ಮಳೆಗಾಲ ತಡೆದೀತು. ಕೆಲವೊಮ್ಮೆ ನೀರು ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರಿ, ಮೊದಲು ಇಲ್ಲದ ಕಡೆಯೂ ಕಲೆ ಮೂಡುತ್ತದೆ.

ಹಾಗಾಗಿ ಮೊದಲು ಬೇಕಾದದ್ದು ನೀರು ಎಲ್ಲಿಂದ ಬರುತ್ತಿದೆ ಎಂಬ ಪತ್ತೆ, ಮತ್ತು ಇದಕ್ಕೆ ಹೆಚ್ಚು ಖರ್ಚಿಲ್ಲ. ಕಲೆ ನೆಲದಿಂದ ಸುಮಾರು ಒಂದು ಮೀಟರ್ ಒಳಗೆ, ಗೋಡೆಯುದ್ದಕ್ಕೂ ಪಟ್ಟಿಯಂತಿದ್ದರೆ ಅದು ಬುಡದಿಂದ ಏರುವ ತೇವ ಇರಬಹುದು. ಹಳೆಯ ಮನೆಗಳ ಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿರುವುದು ಇದಕ್ಕೆ ಸಾಮಾನ್ಯ ಕಾರಣ. ಆದರೆ ಹೊರಗಡೆ ಗೋಡೆಗೆ ತಾಗಿದಂತೆ ಮಣ್ಣು ಏರಿಸಿದ್ದರೂ, ಹೂಕುಂಡಗಳ ಸಾಲು ಇಟ್ಟಿದ್ದರೂ ಹೀಗೇ ಆಗುತ್ತದೆ. ಮಣ್ಣು ತೆಗೆಸುವುದಕ್ಕೆ ಒಂದು ದಿನದ ಕೂಲಿ ಸಾಕು. ಕಲೆ ಬಚ್ಚಲಮನೆಯ ಹಿಂದಿನ ಗೋಡೆಯಲ್ಲಿದ್ದರೆ ಪೈಪನ್ನು ಅನುಮಾನಿಸಿ. ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಯಾರೂ ಬಳಸದೆ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಸೂರಿನಲ್ಲಿ ಕಲೆಯಿದ್ದರೆ ತಾರಸಿ. ನೀರು ಹೋಗುವ ಬಾಯಿಗಳನ್ನು ಮುಚ್ಚಿ, ಒಂದು ಅಂಗುಲದಷ್ಟು ನೀರು ನಿಲ್ಲಿಸಿ, ಒಂದೆರಡು ದಿನ ಕೆಳಗೆ ಕಾಯುವುದು ಗುತ್ತಿಗೆದಾರರೂ ಮಾಡುವ ಪರೀಕ್ಷೆ. ಒಂದು ಎಚ್ಚರಿಕೆ: ಒಂದು ಅಂಗುಲ ನೀರೆಂದರೆ ಪ್ರತಿ ಚದರ ಮೀಟರಿಗೆ 25 ಕೆ.ಜಿ. ಭಾರ. ಮರದ ತೊಲೆಗಳ ಮೇಲಿನ ಹಳೇ ಮದ್ರಾಸ್ ತಾರಸಿಯ ಮೇಲೆ ಎಂಜಿನಿಯರ್‌ನ್ನು ಕೇಳದೆ ಇದನ್ನು ಮಾಡಬೇಡಿ. ಎಷ್ಟೋ ಸಲ ಕಾರಣ ಬಹಳ ಚಿಕ್ಕದು, ಮಳೆನೀರಿನ ಪೈಪಿನ ಬಾಯಲ್ಲಿ ಕಟ್ಟಿಕೊಂಡ ಎಲೆ ಕಸ. ಹೊಸದಾಗಿ ಗಾರೆ ಮಾಡಿಸಿದರೆ ಅದು ಗಟ್ಟಿಯಾಗಿ ಒಣಗಲು ಸುಮಾರು ನಾಲ್ಕು ವಾರ ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಹಾಳುಮಾಡುತ್ತದೆ. ಈ ಕೆಲಸಗಳಿಗೆಲ್ಲ ಒಣ ತಿಂಗಳುಗಳೇ ಸರಿ.

ಇನ್ನು ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ತಿಳಿಸದಿರುವುದನ್ನು ಕಾಯ್ದೆ ವಂಚನೆ ಎಂದೇ ಕರೆಯುತ್ತದೆ. "ನೋಡಿ ತಾನೇ ತಗೊಂಡಿದ್ದು" ಎಂಬ ವಾದ ಕಣ್ಣಿಗೆ ಕಾಣುವ ಬಿರುಕಿಗೆ ನಡೆದೀತು. ಕಂಡೂ ಕಂಡೂ ಪುಟ್ಟಿಯ ಕೆಳಗೆ ಮುಚ್ಚಿಟ್ಟ ಸೋರಿಕೆಗೆ ನಡೆಯುವುದು ಕಷ್ಟ. ಸೋರುತ್ತಿತ್ತು, ಇಂಥ ತಿಂಗಳು ಸರಿ ಮಾಡಿಸಿದ್ದೇವೆ ಎಂದು ಬಿಲ್ ತೋರಿಸುವುದು ನಮ್ಮ ದೃಷ್ಟಿಯಲ್ಲಿ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಹಾಗಾದರೆ ಬಣ್ಣ ಬೇಡವೇ?

ಗೋಡೆ ಒಣಗಿದ್ದರೆ ಖಂಡಿತ ಬೇಕು. ತಿಳಿ ಬಣ್ಣ ಕೋಣೆಯನ್ನು ದೊಡ್ಡದಾಗಿ ತೋರಿಸುತ್ತದೆ ಎಂಬುದು ಬರೀ ಬಾಯಿಮಾತಲ್ಲ. ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ಹಿಂತಿರುಗಿಸುತ್ತದೆ, ಕಡು ಬಣ್ಣ ಹೆಚ್ಚಿನದನ್ನು ನುಂಗುತ್ತದೆ. ಪಕ್ಕದ ಮನೆ ಅಂಟಿಕೊಂಡಿರುವ, ಒಂದೇ ಕಿಟಕಿಯ ಕೋಣೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ದುಬಾರಿ ಬಣ್ಣವೇ ಆಗಬೇಕಿಲ್ಲ. ಇಡೀ ಮನೆಗೆ ಹಣವಿಲ್ಲದಿದ್ದರೆ ಹಾಲ್ ಮತ್ತು ಮುಂಬಾಗಿಲ ಗೋಡೆ ಸಾಕು.

ಹಳೆಯ ಆಯಿಲ್ ಪೇಂಟ್ ಕೆರೆಸುವಾಗ ಮಾತ್ರ ಜಾಗ್ರತೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ ಸರಳುಗಳ ಬಣ್ಣದಲ್ಲಿ ಅದಕ್ಕಿಂತ ಹೆಚ್ಚು ಸೀಸ ಇರಬಹುದು. ಒಣ ಉಜ್ಜುಕಾಗದದಿಂದ ತಿಕ್ಕಿದರೆ ಆ ದೂಳು ಮನೆಯೆಲ್ಲ ಹರಡುತ್ತದೆ, ಮತ್ತು ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಕೆರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು, ಗರ್ಭಿಣಿಯರು ಆ ದಿನಗಳಲ್ಲಿ ಬೇರೆ ಕಡೆ ಇರಲಿ.

ನೆಲ, ನಲ್ಲಿ ಮತ್ತು ಆಸಿಡ್ ಬಾಟಲಿ

ಮಾರುವ ಮುನ್ನ ಬಚ್ಚಲು ಫಳಫಳ ಹೊಳೆಯಲಿ ಎಂದು ಆಸಿಡ್ ತಂದು ಸುರಿಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್‌ಗೆ ಕರಗುತ್ತದೆ, ನಿಜ. ಟೈಲ್ಸ್ ನಡುವಿನ ಸಿಮೆಂಟ್ ಕೂಡ ಕರಗುತ್ತದೆ, ಆ ಸಂದಿಯಿಂದ ನೀರು ಕೆಳಗಿಳಿಯುತ್ತದೆ. ಹೊಳಪು ತರಲು ಹೋಗಿ ಸೋರಿಕೆ ತಂದುಕೊಂಡಂತೆ. ಅದಕ್ಕಿಂತ ದೊಡ್ಡ ಅಪಾಯ, ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆಗೆ ಬ್ಲೀಚಿಂಗ್ ಪೌಡರ್ ಸೇರಿಸುವುದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಎಂಬುದು ಇಲ್ಲಿ ಜೀವಕ್ಕೇ ಕುತ್ತು. ಘಾಟು ಬಂದರೆ ತೊಳೆಯುತ್ತ ನಿಲ್ಲದೆ ಕೂಡಲೇ ಹೊರಗಿನ ಗಾಳಿಗೆ ಬನ್ನಿ, ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ನಲ್ಲಿಯ ಕಲೆಗೆ ನಿಂಬೆಹಣ್ಣಿನ ಹೋಳು ಸಾಕು. ಆದರೆ ಕಡಪ, ಶಹಾಬಾದ್ ಕಲ್ಲುಗಳು ಸುಣ್ಣಕಲ್ಲಿನ ಜಾತಿ. ಅವುಗಳ ಮೇಲೆ ನಿಂಬೆರಸ ಕೂಡ ಕಲೆ ಬಿಡುತ್ತದೆ. ಗ್ರಾನೈಟಿಗೆ ಆ ತೊಂದರೆಯಿಲ್ಲ. ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಬಿರುಕಿಲ್ಲದೆ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ತೊಳೆದು, ಒಣಗಿಸಿ, ತೆಳುವಾಗಿ ಮೇಣ ತಿಕ್ಕಿಸಿದರೆ ಸಾಕು. ಹಾಗೆ ತಿಕ್ಕಿ ಹೊಳೆಯಿಸುವ ನೆಲ ಈಗ ಮತ್ತೆ ಇಷ್ಟವಾಗುತ್ತಿದೆ, ಹೊಸದಾಗಿ ಅಷ್ಟು ಚೆನ್ನಾಗಿ ಹಾಕಬಲ್ಲ ಕೈಗಳು ಕಡಿಮೆಯಾಗಿವೆ.

ಬೀಗ ಹಾಕಿದ ಮನೆಯ ನಾತ

ತಿಂಗಳುಗಟ್ಟಲೆ ಖಾಲಿಯಿದ್ದ ಮನೆಯ ಬಾಗಿಲು ತೆಗೆದ ಕೂಡಲೇ ಬರುವ ಚರಂಡಿ ವಾಸನೆಗೆ ಕಾರಣ ಸಾಮಾನ್ಯವಾಗಿ ಒಡೆದ ಪೈಪ್ ಅಲ್ಲ. ಬಚ್ಚಲಿನ ನಹನಿ ಟ್ರ್ಯಾಪ್‌ನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ಬಳಕೆ ನಿಂತರೆ ಅದು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ಪ್ರತಿ ಟ್ರ್ಯಾಪಿಗೂ ಒಂದೆರಡು ಚೆಂಬು ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಪೂರ್ತಿ ಪುಕ್ಕಟೆ ಎನ್ನಬಹುದಾದ ಉಪಾಯ ಇದೊಂದೇ ಇರಬೇಕು.

ಕರೆಂಟು, ಕಾಗದ ಮತ್ತು ವಾಸ್ತು

ಹಳೇ ಫ್ಯೂಸ್ ಬೋರ್ಡ್ ತೆಗೆಸಿ ಎಂಸಿಬಿ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದಕ್ಕೆ ಕೆಲವು ಸಾವಿರ ಸಾಕು. ಒಳಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ, ಅಂದರೆ ಯಾರದೋ ಮೈಮೂಲಕ ನೆಲಕ್ಕೆ ಹರಿಯತೊಡಗಿದರೆ, ಆರ್‌ಸಿಸಿಬಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಇದರಿಂದ ಬೆಲೆ ಏರದಿದ್ದರೂ, "ವೈರಿಂಗ್ ಎಲ್ಲ ಬದಲಿಸಬೇಕು" ಎಂದು ಚೌಕಾಸಿ ಮಾಡುವವರ ಬಾಯಿ ಸ್ವಲ್ಪ ಕಟ್ಟುತ್ತದೆ.

ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ಅದು ಕೈಯಲ್ಲಿ ಇಲ್ಲದಿದ್ದರೆ ಎಷ್ಟೇ ಬಣ್ಣ ಹೊಡೆಸಿದರೂ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಖಾತೆಯಲ್ಲಿನ ಹೆಸರು, ಅಳತೆ ಕ್ರಯಪತ್ರದೊಂದಿಗೆ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. 2,400 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗೂ ಮಳೆನೀರು ಸಂಗ್ರಹ ಬೇಕೆಂಬ ಜಲಮಂಡಳಿಯ ನಿಯಮವೂ ನೆನಪಿರಲಿ. ಕೋಣೆ ಸೇರಿಸಿದಂತಹ ಶಾಶ್ವತ ಕೆಲಸಗಳ ಬಿಲ್ಲುಗಳನ್ನು ಎಸೆಯಬೇಡಿ, ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುತ್ತವೆ. ಬಣ್ಣ, ಸಣ್ಣಪುಟ್ಟ ರಿಪೇರಿ ಆ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ.

ವಾಸ್ತುವಿಗಾಗಿ ಬಾಗಿಲು ಒಡೆಸುವುದು? ದಿಕ್ಕಿನಿಂದ ಅದೃಷ್ಟ ಬದಲಾಗುತ್ತದೆ ಎನ್ನಲು ಯಾವ ಪುರಾವೆಯೂ ಇಲ್ಲ. ಕೊಳ್ಳುವವರು ನಂಬಬಹುದು, ಅದು ಅವರಿಷ್ಟ. ಆದರೆ ಅವರ ಜೋಯಿಸರು ಏನು ಹೇಳುತ್ತಾರೋ ನಿಮಗೆ ಗೊತ್ತಿಲ್ಲ. ಭಾರ ಹೊರುವ ಗೋಡೆಯನ್ನು ಒಂದು ಊಹೆಯ ಮೇಲೆ ಒಡೆಸಿದರೆ ಬಿರುಕು ಬರುವುದು ಮಾತ್ರ ನಿಮ್ಮ ಮನೆಯಲ್ಲಿ.

ಮನೆ ತೋರಿಸುವ ದಿನ ಒಂದು ಗಂಟೆ ಮೊದಲೇ ಹೋಗಿ ಕಿಟಕಿಗಳನ್ನೆಲ್ಲ ತೆರೆಯಿರಿ, ಉರಿಯದ ಬಲ್ಬ್ ಬದಲಿಸಿ, ಟ್ಯಾಂಕ್ ತುಂಬಿಸಿಡಿ. ಬಂದವರು ನಲ್ಲಿ ತಿರುಗಿಸಿ ನೋಡಿಯೇ ನೋಡುತ್ತಾರೆ. ಬೀರುವನ್ನು ಮಾತ್ರ ತೇವದ ಗೋಡೆಯ ಮುಂದಕ್ಕೆ ಎಳೆದಿಡಬೇಡಿ. ಅದನ್ನೂ ಸರಿಸಿ ನೋಡುತ್ತಾರೆ.